ಎಂಟು ಜನರ ಭಾರ

ಕಾಗದದ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಲಾರಿ ತೂಗುವ ವೇಬ್ರಿಜ್ ಇತ್ತು. ಅದರ ಪಕ್ಕದಲ್ಲಿ ಗಾಜಿನ ಕಿಟಕಿಯ ಒಂದು ಗೂಡು. ಆ ಗೂಡಿನೊಳಗೆ, ತಮ್ಮ ಕುರ್ಚಿಗಿಂತ ಸ್ವಲ್ಪ ಚಿಕ್ಕವರಾಗಿ, ತೂಕದಣ್ಣ ಕೂತಿರುತ್ತಿದ್ದರು. ಅವರ ನಿಜವಾದ ಹೆಸರು ಸಂಬಳದ ವಿಭಾಗದವರಿಗೆ ಮಾತ್ರ ನೆನಪಿತ್ತು. ತುಂಬಿದ ಲಾರಿ ಬಂದರೆ ತೂಗುತ್ತಿದ್ದರು, ಅದು ಖಾಲಿಯಾಗಿ ಹೊರಟರೆ ಮತ್ತೆ ತೂಗುತ್ತಿದ್ದರು. ಈ ಎರಡರ ನಡುವೆ ಲೋಕದಲ್ಲಿ ಏನೇನು ನಡೆದುಹೋಗುತ್ತದೆ ಎಂಬುದು ಅವರಿಗೆ ಯಾವಾಗಲೂ ಒಂದಿಷ್ಟು ತಡವಾಗಿ ತಿಳಿಯುತ್ತಿತ್ತು. ಯಾರಾದರೂ ಬಂದು ಏನಾದರೂ ಹೇಳಿದರೆ ಮೊದಲು ಒಂದು ಕೈ ಎತ್ತಿ "ತಡೀರಿ, ತಡೀರಿ" ಎನ್ನುವರು. ಹೇಳಿದ್ದು ತಲೆಯೊಳಗೆ ಇಳಿದು ಸರಿಯಾದ ಜಾಗದಲ್ಲಿ ಕೂರಲು ಅಷ್ಟು ಹೊತ್ತು ಬೇಕಾಗುತ್ತಿತ್ತು. ಕೆಲವೊಮ್ಮೆ ತಪ್ಪು ಜಾಗದಲ್ಲೂ ಕೂರುತ್ತಿತ್ತು.

ಅವರ ನೆಮ್ಮದಿಗಿದ್ದ ಒಂದೇ ಕಂಟಕವೆಂದರೆ ಹೆಂಡತಿಯ ತಮ್ಮ. ಆತ ಜನರಿಗೆ ನಾಯಕತ್ವ ಕಲಿಸುವವನು. ಮೊದಲು ಹೊಲಿಗೆ ಯಂತ್ರ ಮಾರುತ್ತಿದ್ದ. ಅವು ಮಾರಾಟವಾಗದೆ ಉಳಿದಾಗ ಇದಕ್ಕೆಲ್ಲ ನಾಯಕತ್ವದ ಕೊರತೆಯೇ ಕಾರಣವೆಂದು ಕಂಡುಕೊಂಡು, ನಾಯಕತ್ವವನ್ನೇ ಮಾರಲು ಶುರು ಮಾಡಿದ. ಅದು ಹೊಲಿಗೆ ಯಂತ್ರಕ್ಕಿಂತ ಹಗುರ, ಕೆಟ್ಟರೆ ರಿಪೇರಿ ಮಾಡಿಕೊಡಬೇಕಾಗಿಯೂ ಇಲ್ಲ. ಭಾನುವಾರ ಊಟಕ್ಕೆ ಬಂದಾಗಲೆಲ್ಲ ಭಾವನನ್ನು ಎದುರಿಗೆ ಕೂರಿಸಿಕೊಂಡು, ಮನೆಯ ನಲ್ಲಿ ಸೋರುವುದರಿಂದ ಹಿಡಿದು ಪಕ್ಕದ ಮನೆಯ ನಾಯಿ ಬೊಗಳುವುದರವರೆಗೆ ಎಲ್ಲಕ್ಕೂ ನಾಯಕತ್ವದ ಕೊರತೆಯೇ ಮೂಲ ಎಂದು ವಿವರಿಸುತ್ತಿದ್ದ. ಹೆಂಡತಿ ತಮ್ಮನನ್ನು ನೋಡಿ ಹಿಗ್ಗುವಳು, ಆಮೇಲೆ ಗಂಡನ ಕಡೆ ನೋಡಿ ಏನೂ ಹೇಳದೆ ಸಾರು ಬಡಿಸುವಳು. ಆ ಏನೂ ಹೇಳದಿರುವುದು ತೂಕದಣ್ಣನವರಿಗೆ ಚುಚ್ಚುತ್ತಿತ್ತು. ಇನ್ನು ಮೇಲೆ ತಾವೂ ಯಾವುದಾದರೊಂದು ವಿಷಯಕ್ಕೆ ಅಭಿಪ್ರಾಯ ಹೇಳಿಬಿಡಬೇಕೆಂದು ಅವರು ನಿಶ್ಚಯ ಮಾಡಿಕೊಂಡರು.

ಅವಕಾಶ ಬೇಗ ಸಿಕ್ಕಿತು. ಕಾರ್ಖಾನೆಗೆ ಒಂದು ಹಗ್ಗಜಗ್ಗಾಟದ ತಂಡವಿತ್ತು. ಸೋಲುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು. ನದಿಯಾಚೆಯ ಗಾಜಿನ ಕಾರ್ಖಾನೆಯ ಎದುರು ಪ್ರತಿ ವರ್ಷ ಸೋಲುತ್ತಿತ್ತು. ಈ ಸಲ, ಹುಮ್ಮಸ್ಸು ಬರಲೆಂದು, ತಮ್ಮದೇ ಲೆಕ್ಕಪತ್ರ ವಿಭಾಗದವರ ಎದುರು ಒಂದು ಸ್ನೇಹದ ಪಂದ್ಯ ಏರ್ಪಡಿಸಿದರು. ಲೆಕ್ಕಪತ್ರದವರು ಚಪ್ಪಲಿ ಬಿಡದೆ, ಒಬ್ಬರು ಕೈಯಲ್ಲಿದ್ದ ಚಹಾ ಲೋಟವನ್ನೂ ಕೆಳಗಿಡದೆ, ಎಳೆದು ಗೆದ್ದರು. ತಂಡಕ್ಕೆ ತರಬೇತಿ ಕೊಡುತ್ತಿದ್ದ ಕಾವಲಿನ ಮುಖ್ಯಸ್ಥ ಅಲ್ಲೇ ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಮೈದಾನದ ನಡುವೆ ಇಟ್ಟು ಹೊರಟುಹೋದ. ಬೇಲಿಯ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರು ತಲೆ ಮೇಲೆ ಕೈ ಇಟ್ಟುಕೊಂಡರು. ಈ ವರ್ಷವೂ ಸೋತರೆ ತಂಡವನ್ನು ಮುಚ್ಚಿ, ಮೈದಾನದಲ್ಲಿ ರದ್ದಿ ರಾಶಿ ಹಾಕಿಸುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು.

ಅವರ ಪಕ್ಕದಲ್ಲೇ ತೂಕದಣ್ಣ ನಿಂತಿದ್ದರು. ಪಂದ್ಯದಲ್ಲಿ ಯಾರು ಯಾವ ಕಡೆ ಎಂಬುದೇ ಅವರಿಗೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು ಹೇಳಿದರು:

"ಇದೆಲ್ಲ ನಾಯಕತ್ವದ ಕೊರತೆ ಸರ್."

ಮ್ಯಾನೇಜರು ತಿರುಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಈ ಮನುಷ್ಯನ ಬಾಯಿಂದ ಟನ್ನು, ಕಿಲೋ ಬಿಟ್ಟು ಬೇರೆ ಮಾತು ಬಂದದ್ದನ್ನು ಅವರು ಕೇಳಿರಲಿಲ್ಲ. ಅಪರೂಪಕ್ಕೆ ಮಾತಾಡುವವರು ಆಳವಾಗಿ ಯೋಚಿಸಿರುತ್ತಾರೆ ಎಂದು ನಂಬುವ ಜಾತಿಯ ಮ್ಯಾನೇಜರು ಅವರು. ತೂಕದಣ್ಣನವರ ಹೆಗಲ ಮೇಲೆ ಕೈ ಹಾಕಿ, "ನಾಳೆಯಿಂದ ಟೀಮಿನ ಭಾರ ನಿಮ್ಮದು" ಎಂದರು.

ತೂಕದಣ್ಣನವರ ವೃತ್ತಿಯಲ್ಲಿ ಭಾರ ಎಂಬುದಕ್ಕೆ ಒಂದೇ ಅರ್ಥ. ಸ್ಪರ್ಧೆಯ ನಿಯಮವೇನೋ ಇರಬೇಕು, ತಂಡದ ತೂಕ ಹಾಕಿಕೊಡಬೇಕು, ಅಷ್ಟೇ ತಾನೆ. "ಅದೇನು ಮಹಾ ಸರ್, ಐದು ನಿಮಿಷದ ಕೆಲಸ" ಎಂದರು. ಮ್ಯಾನೇಜರಿಗೆ ಮೈ ಜುಮ್ಮೆಂದಿತು. ಇಂಥ ಆತ್ಮವಿಶ್ವಾಸವನ್ನು ಅವರು ಈ ಕಾಂಪೌಂಡಿನೊಳಗೆ ಕಂಡಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಎಂಟು ಜನ ವೇಬ್ರಿಜ್ ಹತ್ತಿರ ಬಂದು ನಿಂತರು. ನಿಂತರು ಎಂದರೆ, ನಾಲ್ವರು ಈ ತುದಿಯಲ್ಲಿ, ನಾಲ್ವರು ಆ ತುದಿಯಲ್ಲಿ. ಹಗ್ಗದ ಮುಂದಿನ ನಾಲ್ವರು ನಾಯಕನ ಕಡೆಯವರು. ನಾಯಕ ಲಾರಿಗೆ ಕಾಗದದ ಸುರುಳಿ ಏರಿಸುವ ಲೋಡರ್. ಭುಜಗಳು ಬಾಗಿಲಿನಷ್ಟು ಅಗಲ, ಕಣ್ಣು ಸದಾ ಕೆಂಪು. ಹಿಂದಿನ ನಾಲ್ವರು ಬಾಯ್ಲರಣ್ಣನ ಕಡೆಯವರು. ಬಾಯ್ಲರಿಗೆ ಬೆಂಕಿ ಹಾಕುವ ಆತ ಹಗ್ಗದ ಕೊನೆಯನ್ನು ಮೈಗೆ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವ ಆಸಾಮಿ. ಈ ವರ್ಷ ನಿವೃತ್ತಿ. ಕೆಲಸಕ್ಕೆ ಸೇರಿದಾಗಿನಿಂದ ಹಗ್ಗ ಎಳೆದಿದ್ದಾನೆ, ಒಮ್ಮೆಯೂ ಗೆದ್ದಿಲ್ಲ. ಹಿಂದೊಮ್ಮೆ ಯಾವುದೋ ಪಂದ್ಯದಲ್ಲಿ ಯಾರೋ ಜಾರಿದ್ದರು. ಮುಂದಿನವನು ಜಾರಿದ ಎಂದು ಬಾಯ್ಲರಣ್ಣ, ಹಿಂದಿನವನು ಜಾರಿದ ಎಂದು ಲೋಡರ್. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮುಂದಿನವರು ಎಳೆದರೆ ಹಿಂದಿನವರು ಸುಮ್ಮನಿರುವರು, ಹಿಂದಿನವರು ಎಳೆದರೆ ಮುಂದಿನವರು ಸುಮ್ಮನಿರುವರು. ಇದನ್ನೆಲ್ಲ ಕಾರ್ಖಾನೆಯಲ್ಲಿ ಅರಿಯದೆ ಇದ್ದವರು ತೂಕದಣ್ಣ ಒಬ್ಬರೇ.

ಲೋಡರ್ ಮೊದಲು ಬಂದು ಒಬ್ಬನೇ ತೂಗುವ ಹಲಗೆಯ ಮೇಲೆ ನಿಂತ. ಲಾರಿಗಳನ್ನು ತೂಗಿ ತೂಗಿ ಮುದಿಯಾದ ಯಂತ್ರ. ಒಬ್ಬ ಮನುಷ್ಯನನ್ನು ಅದು ಲೆಕ್ಕಕ್ಕೆ ತಗೊಳ್ಳಲಿಲ್ಲ, ಸೊನ್ನೆ ತೋರಿಸಿತು. ಬಾಯ್ಲರಣ್ಣ ನಗಾಡಿ, ಆತನನ್ನು ಇಳಿಸಿ, ತಾನು ಹತ್ತಿದ. ಮತ್ತೆ ಸೊನ್ನೆ. ತೂಕದಣ್ಣ ಕನ್ನಡಕ ಏರಿಸಿಕೊಂಡು ಕಿಟಕಿಯಿಂದ ತಲೆ ಹೊರಹಾಕಿದರು.

"ಒಬ್ಬೊಬ್ಬರೇ ಬಂದರೆ ಲೆಕ್ಕಕ್ಕೇ ಬರಲ್ಲಪ್ಪ. ಎಲ್ಲರೂ ಒಟ್ಟಿಗೆ ನಿಂತ್ಕೊಳ್ಳಿ."

ಎಂಟೂ ಜನ ಮುಖ ಮುಖ ನೋಡಿಕೊಂಡರು. ಆಮೇಲೆ ತಲೆ ತಗ್ಗಿಸಿಕೊಂಡು, ಒಬ್ಬರಿಗೊಬ್ಬರು ಮೈ ತಾಗಿಸದಂತೆ, ಹಲಗೆಯ ಮೇಲೆ ಹತ್ತಿದರು. ಒಬ್ಬನ ಕಾಲು ಹೊರಗಿತ್ತು, ಇನ್ನೊಬ್ಬ ಕಂಬಕ್ಕೆ ಒರಗಿದ್ದ. ಯಾರೂ ಯಾವುದಕ್ಕೂ ಒರಗಬಾರದು, ಒರಗುವುದಾದರೆ ಒಬ್ಬರಿಗೊಬ್ಬರು ಒರಗಿ ಎಂದು ತೂಕದಣ್ಣ ಮತ್ತೆ ಕೂಗಿದರು. ಅಂಕಿ ಮೂಡಿತು. ಚೀಟಿ ಹರಿದುಕೊಂಡು ಮ್ಯಾನೇಜರ ಕೋಣೆಗೆ ಹೋಗಿ, "ಭಾರ ಆಯ್ತು ಸರ್" ಎಂದು ಮೇಜಿನ ಮೇಲಿಟ್ಟರು.

ಅಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ವರ್ಷಗಟ್ಟಲೆ ಮುಖ ನೋಡದವರನ್ನು ತೂಕದಣ್ಣ ಒಂದೇ ಹಲಗೆಯ ಮೇಲೆ ನಿಲ್ಲಿಸಿದರಂತೆ, ಒಬ್ಬೊಬ್ಬರಾದರೆ ಸೊನ್ನೆ, ಒಟ್ಟಾದರೆ ತೂಕ ಎಂದು ಯಂತ್ರದಿಂದಲೇ ಹೇಳಿಸಿದರಂತೆ. ಮ್ಯಾನೇಜರು ಎದ್ದು ನಿಂತು ಕೈ ಕುಲುಕಿದರು. ಇನ್ನು ಸಂಜೆಯ ಅಭ್ಯಾಸ ಯಾವಾಗ ಶುರು ಎಂದು ಕೇಳಿದರು. ತೂಕದಣ್ಣನವರ ಕೈ ತಾನಾಗಿ ಮೇಲೆದ್ದಿತು.

"ತಡೀರಿ ಸರ್. ನಾನು ಬರೀ ತೂಗಿ ನೋಡಿದ್ದು."

"ಅದೇ ಬೇಕಾಗಿತ್ತು. ಇಷ್ಟು ವರ್ಷ ಯಾರೂ ಅವರನ್ನ ತೂಗಿ ನೋಡಿರಲಿಲ್ಲ," ಎಂದು ಮ್ಯಾನೇಜರು ಕಣ್ಣು ಒರೆಸಿಕೊಂಡರು.

ಹೀಗೆ ಹಗ್ಗ ಹಿಡಿದು ಗೊತ್ತಿಲ್ಲದ ತೂಕದಣ್ಣ ಹಗ್ಗದ ತಂಡದ ತರಬೇತುದಾರರಾದರು. ಹಗ್ಗಕ್ಕೂ ತಮಗೂ ಇರುವ ಸಂಬಂಧ ಬಟ್ಟೆ ಒಣಗಿಸುವಷ್ಟೇ ಎಂದು ಮನೆಯಲ್ಲಿ ಹೇಳಿಕೊಳ್ಳಲು ನೋಡಿದರು. ಆದರೆ ಹೆಂಡತಿ ಅಂದು ಬಡಿಸುವಾಗ ಒಂದು ಸೌಟು ಹೆಚ್ಚಿಗೆ ಹಾಕಿದಳು. ಆ ಸೌಟು ನೋಡಿ ಅವರು ಬಾಯಿ ಮುಚ್ಚಿಕೊಂಡರು.

ಅಭ್ಯಾಸದಲ್ಲಿ ಮೊದಲ ತೊಡಕು ಬೇಗ ಎದುರಾಯಿತು. ಲೋಡರ್‌ಗೆ ಬಾಯ್ಲರಣ್ಣನ ಜೊತೆ ಮಾತಿಲ್ಲವಾದ್ದರಿಂದ ಹೇಳುವುದನ್ನೆಲ್ಲ ತೂಕದಣ್ಣನವರ ಮೂಲಕವೇ ಹೇಳಬೇಕು. ಹಗ್ಗದ ಈ ತುದಿಯಿಂದ ಆ ತುದಿಗೆ ಸಾಕಷ್ಟು ದೂರ. ತೂಕದಣ್ಣನವರ ನೆನಪು ಅಷ್ಟು ದೂರ ನಡೆದು ಅಭ್ಯಾಸವಿದ್ದದ್ದಲ್ಲ. ಕಾಲು ಊರೋಕೆ ಬರದಿದ್ದರೆ ಮನೇಲಿ ಕೂತ್ಕೊ ಅಂತ ಅವನಿಗೆ ಹೇಳಿ, ಎಂದು ಲೋಡರ್ ಕೆರಳಿ ಹೇಳಿದ. ತೂಕದಣ್ಣ ಹೊರಟರು. ನಡುವೆ ಒಬ್ಬನ ಬೂಟಿನ ದಾರ ಬಿಚ್ಚಿದ್ದು ಕಂಡು ಅವನಿಗೆ ಎಚ್ಚರಿಸಿದರು. ಬಾಯ್ಲರಣ್ಣನನ್ನು ತಲುಪುವಷ್ಟರಲ್ಲಿ ಕೈಯಲ್ಲಿ ಉಳಿದದ್ದು ಕಾಲು ಮತ್ತು ಮನೆ, ಎರಡೇ. ಅವನ್ನು ಹೇಗೋ ಜೋಡಿಸಿ ಕೇಳಿದರು:

"ಕಾಲು ಊರೋಕೆ ಕಷ್ಟ ಆಗ್ತಿದೆಯಾ, ಮನೇಲಿ ಕೂತಾಗ ಹೇಗಿರತ್ತೆ ಅಂತ ಲೋಡರ್ ಕೇಳ್ತಿದ್ದಾನೆ."

ಬಾಯ್ಲರಣ್ಣ ಹಗ್ಗ ಕೆಳಗೆ ಬಿಟ್ಟ. ಅವನ ಬಲ ಮಂಡಿ ಎಷ್ಟೋ ಕಾಲದಿಂದ ನೋಯುತ್ತಿತ್ತು. ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಕಾರ್ಖಾನೆಯ ವೈದ್ಯರೂ ಕೇಳಿರಲಿಲ್ಲ. ಈಗ ಕೇಳಿದವನು ತನ್ನ ವೈರಿ. ಬೇರೆ ಕಡೆ ನೋಡುತ್ತ, ಒರಟಾಗಿ, ಹೌದು ಮಂಡಿ ನೋವಿದೆ, ಅವನು ದಿಢೀರ್ ಅಂತ ಜಗ್ಗಿದಾಗೆಲ್ಲ ಮಂಡಿ ಹೋಗತ್ತೆ, ಅವನಿಗೇನು ಕಣ್ಣು ಕಾಣಲ್ಲವಾ ಕೇಳಿ ಎಂದ. ತೂಕದಣ್ಣ ಮತ್ತೆ ನಡೆದು ಹೋಗಿ ಲೋಡರ್‌ಗೆ ತಿಳಿಸಿದ್ದು ಹೀಗೆ: ಬಾಯ್ಲರಣ್ಣನಿಗೆ ಮಂಡಿ ನೋವು, ಆದರೂ ನಿನ್ನ ಕಣ್ಣು ಹೇಗಿದೆ ಎಂದು ವಿಚಾರಿಸಿದ.

ಲೋಡರ್‌ನ ಕೆಂಪು ಕಣ್ಣು ಇನ್ನಷ್ಟು ಕೆಂಪಾಯಿತು. ಕಾಗದದ ದೂಳಿಗೆ ಕಣ್ಣು ಸುರಿಯುವುದನ್ನು ಅವನು ಎಲ್ಲರಿಂದ ಮುಚ್ಚಿಟ್ಟಿದ್ದ. ಬಾಯ್ಲರ್ ಕೋಣೆಯಲ್ಲಿ ಇರುವವನಿಗೆ ಅದು ಹೇಗೆ ತಿಳಿಯಿತು? ದೂಳಿಗೆ ಸುರಿಯತ್ತೆ, ಅಷ್ಟೇ ಎಂದು ಹೇಳಿ ಕಳಿಸಿದ. ಮರುದಿನ ಅವನು ಮಂಡಿಗೆ ಸುತ್ತುವ ಅಗಲವಾದ ಪಟ್ಟಿಯೊಂದನ್ನು ತಂದು ತೂಕದಣ್ಣನವರ ಕೈಗೆ ಹಾಕಿ, ಯಾರು ಕೊಟ್ಟರು ಎಂದು ಹೇಳಬೇಡಿ ಎಂದ. ಆ ಕಡೆಯಿಂದ ಬಾಯ್ಲರಣ್ಣ ಕಣ್ಣಿಗೆ ಬಿಡುವ ಔಷಧಿ ಕಳಿಸಿ ಅದನ್ನೇ ಹೇಳಿದ. ಗಾಬರಿಯಲ್ಲಿ ತೂಕದಣ್ಣ ಔಷಧಿಯನ್ನು ಬಾಯ್ಲರಣ್ಣನಿಗೇ ವಾಪಸ್ ಕೊಟ್ಟು, ಪಟ್ಟಿಯನ್ನು ಲೋಡರ್‌ನ ಕಣ್ಣಿಗೆ ಕಟ್ಟಲು ಹೋದರು. ಇಬ್ಬರಿಗೂ ಇದು ಸಹಿಸಲಾಗಲಿಲ್ಲ. ಲೋಡರ್ ದಬದಬ ನಡೆದು ಹಗ್ಗದ ಹಿಂದಿನ ತುದಿಗೆ ಹೋದ.

"ಇವರ ಕೈಯಲ್ಲಿ ಹೇಳಿ ಕಳಿಸೋದು ಬೇಡ ಮಾರಾಯ. ನೇರ ಮಾತಾಡೋಣ," ಎಂದ.

ಬಾಯ್ಲರಣ್ಣ ಸರಿ ಎಂದ. ಇಬ್ಬರೂ ಕೂತು ಮಾತಾಡಿದರು. ವರ್ಷಗಳ ಬಾಕಿ ಇದ್ದುದರಿಂದ ಆ ದಿನ ಹಗ್ಗ ಮುಟ್ಟಲು ಸಮಯವೇ ಸಿಗಲಿಲ್ಲ. ಕಿಟಕಿಯಿಂದ ನೋಡಿದ ಮ್ಯಾನೇಜರು, ತೂಕದಣ್ಣ ದೂರ ನಿಂತು ಆಟಗಾರರನ್ನೇ ಮಾತಾಡಲು ಬಿಟ್ಟಿದ್ದಾರೆ, ಇದು ಬಹಳ ದೊಡ್ಡ ಮಟ್ಟದ ತರಬೇತಿ ಎಂದು ಮಾಲೀಕರಿಗೆ ವರದಿ ಒಪ್ಪಿಸಿದರು. ತೂಕದಣ್ಣ ದೂರ ನಿಂತಿದ್ದಕ್ಕೆ ಕಾರಣ, ತಮ್ಮ ಮೇಲೆ ಇಬ್ಬರಿಗೂ ಸಿಟ್ಟು ಬಂದಿದೆ ಎಂದು ಅವರು ಭಾವಿಸಿದ್ದು.

ಭಾನುವಾರ ಹೆಂಡತಿಯ ತಮ್ಮ ಬಂದ. ಗಾಜಿನ ಕಾರ್ಖಾನೆಯವರು ತಮ್ಮ ತಂಡಕ್ಕೆ ನಾಯಕತ್ವ ಶಿಬಿರ ನಡೆಸಿಕೊಡಲು ಅವನನ್ನು ಕರೆಸಿದ್ದರಂತೆ.

"ಭಾವ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಈಗ ಬರೀ ಆಟಗಾರರು ಅಂತ ಯಾರೂ ಇಲ್ಲ. ಎಂಟಕ್ಕೆ ಎಂಟೂ ಜನ ನಾಯಕರೇ."

ಹೆಂಡತಿ ತಮ್ಮನ ತಟ್ಟೆಗೆ ಬಡಿಸಿದಳು, ಗಂಡನ ತಟ್ಟೆಗೆ ಬಡಿಸಿದಳು, ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ಪಾತ್ರೆ ಕೆಳಗಿಟ್ಟು ತಾನೂ ಕೂತಳು. ನಮ್ಮಲ್ಲಿ ನಾಯಕ ಒಬ್ಬನೇ, ಅವನಿಗೂ ಕಣ್ಣು ಸುರಿಯುತ್ತದೆ ಎಂಬುದನ್ನು ನೆನೆದು ತೂಕದಣ್ಣನವರಿಗೆ ಅನ್ನ ಇಳಿಯಲಿಲ್ಲ.

ಪಂದ್ಯದ ದಿನ ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ಮಾಲೀಕರು ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ರದ್ದಿ ತುಂಬಿದ ಎರಡು ಲಾರಿಗಳು, ಸೋಲನ್ನು ಕಾಯುತ್ತ, ಆಗಲೇ ಬೇಲಿಯಾಚೆ ನಿಂತಿದ್ದವು. ಮೂರು ಎಳೆತಗಳಲ್ಲಿ ಎರಡು ಗೆದ್ದವರಿಗೆ ಬಹುಮಾನದ ಕಪ್. ಎದುರು ತಂಡದ ಪಕ್ಕದಲ್ಲಿ ಭಾವಮೈದುನ ಕೋಟು ತೊಟ್ಟು ನಿಂತಿದ್ದ. ಈ ಕಡೆ ತೂಕದಣ್ಣ ತಮ್ಮವರ ಪಕ್ಕದಲ್ಲಿ ನಿಂತರು. ಎಳೆಯುವ ಹೊತ್ತಿಗೆ "ಎಳೀರಿ" ಎಂದು ಕೂಗುವುದು ತರಬೇತುದಾರರ ಕೆಲಸ ಎಂದು ಅವರಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಅದೊಂದೇ ಪದವನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದರು.

ತೀರ್ಪುಗಾರ ಸೀಟಿ ಊದಿದ. ಹಗ್ಗ ಬಿಗಿಯಾಯಿತು. ತೂಕದಣ್ಣ ಬಾಯಿ ತೆರೆದರು. ಆಗ ಅವರ ಕಣ್ಣಿಗೆ ಬಿದ್ದದ್ದು ಬಾಯ್ಲರಣ್ಣನ ಮಂಡಿಯ ಪಟ್ಟಿ. ಅದರ ಒಂದು ತುದಿ ಬಿಚ್ಚಿ ಜೋತಾಡುತ್ತಿತ್ತು. ಬಿಚ್ಚಿಕೊಂಡರೆ ಮನುಷ್ಯ ಬೀಳುತ್ತಾನೆ, ಅವನ ಮೇಲೆ ಏಳು ಜನ ಬೀಳುತ್ತಾರೆ. ಅವರು ತೀರ್ಪುಗಾರನ ಕಡೆ ಎರಡೂ ಕೈ ಎತ್ತಿ, ಆಟ ನಿಲ್ಲಿಸಲೆಂದು, ಇದ್ದ ಬದ್ದ ದನಿಯಲ್ಲಿ ಅರಚಿದರು:

"ತಡೀರಿ! ತಡೀರಿ!"

ತೀರ್ಪುಗಾರ ಅದನ್ನು ಕೇಳಿಸಿಕೊಳ್ಳಲಿಲ್ಲ. ಎಂಟು ಜನ ಕೇಳಿಸಿಕೊಂಡರು. ತಡೆಯಬೇಕು, ಎಳೆಯಬಾರದು. ಹಿಮ್ಮಡಿ ನೆಲಕ್ಕೆ ಊರಿ, ಮೈ ಹಿಂದಕ್ಕೆ ಒರಗಿಸಿ, ಗೋಡೆಯಂತೆ ನಿಂತುಬಿಟ್ಟರು. ಆ ಕಡೆ ಎಂಟು ನಾಯಕರು ಆಜ್ಞೆ ಕೊಡತೊಡಗಿದ್ದರು. ಒಬ್ಬ ಈಗ ಎಂದರೆ ಇನ್ನೊಬ್ಬ ಆಗಲೇ ಬೇಡ ಎಂದ, ಮೂರನೆಯವನು ಎಲ್ಲರೂ ನನ್ನ ಮಾತು ಕೇಳಿ ಎಂದ, ನಾಲ್ಕನೆಯವನು ನಾನೇಕೆ ಕೇಳಬೇಕು ಎಂದ. ಭಾವಮೈದುನ ಬದಿಯಲ್ಲಿ ನಿಂತು ಎಲ್ಲರನ್ನೂ ಹುರಿದುಂಬಿಸುತ್ತಿದ್ದ. ಇತ್ತ ತೂಕದಣ್ಣ ತಡೀರಿ ತಡೀರಿ ಎಂದು ತೀರ್ಪುಗಾರನ ಬೆನ್ನ ಹಿಂದೆ ಓಡಾಡುತ್ತಲೇ ಇದ್ದರು. ಎಳೆದೆಳೆದು ಗಾಜಿನವರ ಉಸಿರು ಕಟ್ಟಿತು, ಕೈ ಸಡಿಲವಾಯಿತು. ಅವರ ಕಡೆಯ ಹಗ್ಗ ತಾನಾಗಿ ನಡೆದು ಬಂತು. ಕಾಗದದ ಕಾರ್ಖಾನೆ ಒಂದು ಎಳೆತ ಗೆದ್ದಿತ್ತು.

ತಮ್ಮ ತಂಡ ಗೆದ್ದರೆ ಏನು ಮಾಡಬೇಕು ಎಂಬುದು ಜನರಿಗೆ ಗೊತ್ತೇ ಇರಲಿಲ್ಲ. ಆಮೇಲೆ ಕೂಗು ಎದ್ದಿತು. ಮ್ಯಾನೇಜರು ಓಡಿ ಬಂದು, ತಡೆಯುವ ತಂತ್ರ ಅದ್ಭುತ, ಇದನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದರು. ನಾನು ಅವರಿಗೆ ಹೇಳಿದ್ದಲ್ಲ ಸರ್, ತೀರ್ಪುಗಾರರಿಗೆ ಹೇಳಿದ್ದು ಎಂದು ತೂಕದಣ್ಣ ಬೇಡಿಕೊಂಡರು. ಈ ವಿನಯವನ್ನು ಮ್ಯಾನೇಜರು ಎರಡನೆಯ ತಂತ್ರವೆಂದು ತಿಳಿದರು.

ಎರಡನೆಯ ಎಳೆತಕ್ಕೆ ತೂಕದಣ್ಣ ತಮ್ಮ ಕೆಲಸವನ್ನು ಸರಿಯಾಗಿ ಮಾಡಲು ತೀರ್ಮಾನಿಸಿದರು. ಸೀಟಿ ಊದಿದ ಕೂಡಲೇ ಬಾಯಿಪಾಠ ಮಾಡಿದ್ದನ್ನು ಒಂದೂ ತಪ್ಪಿಲ್ಲದೆ ಕೂಗಿದರು. ಎಂಟೂ ಜನ ಬೆರಗಾಗಿ ಅವರ ಮುಖ ನೋಡಿದರು. ಆ ನೋಟದಲ್ಲೇ ಎಳೆತ ಮುಗಿಯಿತು, ಎಲ್ಲರೂ ಗೆರೆಯಾಚೆ ಮಣ್ಣಿನಲ್ಲಿ ಬಿದ್ದಿದ್ದರು.

ಬಾಯ್ಲರಣ್ಣ ಏಳಲು ಹೊತ್ತು ಹಿಡಿಯಿತು. ತೂಕದಣ್ಣ ಓಡಿ ಹೋಗಿ ಅವನ ಪಕ್ಕ ಕೂತರು. ಮಂಡಿ ಊದಿತ್ತು. ಅವರಿಗೆ ಮಾಲೀಕರು ಮರೆತುಹೋದರು, ರದ್ದಿ ಲಾರಿ ಮರೆತುಹೋಯಿತು, ಭಾವಮೈದುನನ ಕೋಟೂ ಮರೆತುಹೋಯಿತು.

"ಸಾಕು ಬಿಡಪ್ಪ. ಸೋತರೆ ಸೋಲೋಣ. ನಾಳೆಯಿಂದ ನೀನು ನಡೀಬೇಕಲ್ಲ."

ಬಾಯ್ಲರಣ್ಣ ಅವರನ್ನೇ ನೋಡಿದ. ಲೋಡರ್ ಮುಂದಿನಿಂದ ಬಂದು ಮೊಣಕಾಲೂರಿ, ಪಟ್ಟಿಯನ್ನು ಬಿಚ್ಚಿ, ಹೊಸದಾಗಿ ಬಿಗಿಯಾಗಿ ಸುತ್ತತೊಡಗಿದ. ಸುತ್ತುತ್ತಲೇ, ಇನ್ನು ನಾನು ದಿಢೀರ್ ಅಂತ ಜಗ್ಗಲ್ಲ, ನೀನು ಹೂಂ ಅಂದ ಮೇಲೆ ಎಳೀತೀನಿ ಎಂದ. ಬಾಯ್ಲರಣ್ಣ ಕೈ ನೆಲಕ್ಕೆ ಊರಿ ಎದ್ದ.

"ತೂಕದಣ್ಣ, ಒಂದೇ ಸಲ ಗೆದ್ದು ಮನೆಗೆ ಹೋಗ್ತೀನಿ. ನೀವು ನನ್ನ ಮಂಡಿ ಒಂದು ನೋಡ್ಕೊಳ್ಳಿ, ಉಳಿದದ್ದು ನಾವು ನೋಡ್ಕೋತೀವಿ."

ಇದು ತೂಕದಣ್ಣನವರಿಗೆ ಅರ್ಥವಾಗುವ ಕೆಲಸ. ಮೂರನೆಯ ಎಳೆತ ಶುರುವಾಗುವಾಗ ಅವರು ಬಾಯ್ಲರಣ್ಣನ ಪಕ್ಕದಲ್ಲಿ, ಮುಟ್ಟಬಾರದೆಂಬ ನಿಯಮಕ್ಕೆ ಒಂದು ಗೇಣು ಬಿಟ್ಟು, ನೆಲದ ಮೇಲೆ ಬೋರಲು ಮಲಗಿದರು. ಪಟ್ಟಿಯ ಮೇಲಿಂದ ಕಣ್ಣು ಕೀಳಲಿಲ್ಲ. ಸೀಟಿ ಕೇಳಿಸಿತು. ಹಿಮ್ಮಡಿಗಳು ಎಬ್ಬಿಸಿದ ಮಣ್ಣೆಲ್ಲ ಅವರ ಮುಖಕ್ಕೆ ಬಂತು. ಕನ್ನಡಕ ಮುಚ್ಚಿಹೋಯಿತು, ಬಾಯಿ ತುಂಬಿತು. ಕೂಗಬೇಕೆಂದರೂ ಕೂಗುವಂತಿರಲಿಲ್ಲ. ಆ ಕತ್ತಲೆಯೊಳಗೆ ಅವರಿಗೆ ಕೇಳಿಸಿದ್ದು ಎರಡೇ ದನಿ. ಮುಂದಿನಿಂದ ಲೋಡರ್ "ಏನಣ್ಣ?" ಎನ್ನುತ್ತಿದ್ದ. ಹಿಂದಿನಿಂದ ಬಾಯ್ಲರಣ್ಣ "ಇರು" ಎನ್ನುತ್ತಿದ್ದ. ಏನಣ್ಣ, ಇರು. ಏನಣ್ಣ, ಇರು. ಆಮೇಲೆ ಒಮ್ಮೆ, ಮೆಲ್ಲಗೆ, ಮನೆಯಲ್ಲಿ ಓಗೊಟ್ಟಂತೆ, "ಹೂಂ" ಎಂಬುದು ಕೇಳಿಸಿತು. ನೆಲ ನಡುಗಿತು. ಬಾಯ್ಲರಣ್ಣನ ಪಾದ ಹಿಂದಕ್ಕೆ ಸರಿಯಿತು, ಮತ್ತೆ ಸರಿಯಿತು. ತೂಕದಣ್ಣ ಹೊಟ್ಟೆಯ ಮೇಲೇ ಅದರ ಹಿಂದೆ ತೆವಳಿದರು.

ಅವರು ಎದ್ದು ಕನ್ನಡಕ ಒರೆಸಿಕೊಂಡಾಗ ಬಾಯ್ಲರಣ್ಣ ಲೋಡರ್‌ನ ಹೆಗಲ ಮೇಲಿದ್ದ. ಮಂಡಿ ಹೋಯಿತು, ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದಾರೆ ಎಂದುಕೊಂಡು ಅವರು ಹಿಂದೆಯೇ ಓಡಿದರು. ಮೈದಾನದ ಸುತ್ತ ಒಂದು ಸುತ್ತು ಓಡಿದ ಮೇಲೆ, ಎಲ್ಲರೂ ನಗುತ್ತಿರುವುದನ್ನು ಕಂಡು, ನಿಂತರು.

ಬಹುಮಾನದ ವೇದಿಕೆಯ ಮೇಲೆ ಮಾಲೀಕರು ಗೆಲುವಿನ ಗುಟ್ಟೇನೆಂದು ಕೇಳಿದರು. ತೂಕದಣ್ಣ ಪ್ರಾಮಾಣಿಕವಾಗಿ, ನನಗೆ ಗೊತ್ತಿಲ್ಲ ಸರ್, ಅವರನ್ನೇ ಕೇಳಿ ಎಂದರು. ಕೇಳಿದ್ದೇ ತಡ, ಎಂಟೂ ಜನ ಎಂಟು ಗುಟ್ಟು ಹೇಳಿದರು. ಒಬ್ಬನ ಪ್ರಕಾರ ವೇಬ್ರಿಜ್, ಇನ್ನೊಬ್ಬನ ಪ್ರಕಾರ ಬೂಟಿನ ದಾರ, ಮತ್ತೊಬ್ಬನ ಪ್ರಕಾರ ಕಣ್ಣಿನ ಔಷಧಿ. ವಾದ ಜೋರಾಯಿತು, ಅದರ ನಡುವೆಯೇ ಮಾಲೀಕರು ಲಾರಿಗಳನ್ನು ವಾಪಸ್ ಕಳಿಸಲು ಸನ್ನೆ ಮಾಡಿದರು. ಮರುದಿನ ಬೆಳಿಗ್ಗೆಯೇ ಲೆಕ್ಕಪತ್ರ ವಿಭಾಗವನ್ನೂ ಒಟ್ಟಿಗೆ ತೂಗಿಸಬೇಕೆಂದು ಮ್ಯಾನೇಜರು ಆಜ್ಞೆ ಹೊರಡಿಸಿದರು.

ತೂಕದಣ್ಣ ಮನೆ ಸೇರಿದಾಗ ಸಂಜೆಯಾಗಿತ್ತು. ಮೈಯೆಲ್ಲ ಮಣ್ಣು. ಬಾಗಿಲು ತೆಗೆದ ಹೆಂಡತಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ತಮ್ಮ ಆಗಲೇ ಬಂದು, ಯಾರ ಜೊತೆಗೂ ಮಾತಾಡದೆ, ಒಳಗಿನ ಕೋಣೆಯಲ್ಲಿ ಮಲಗಿದ್ದಾನೆ ಎಂದಳು. ಅವನು ಏನೂ ಹೇಳುತ್ತಿಲ್ಲ, ನೀವಾದರೂ ಹೇಳಿ, ಯಾರು ಗೆದ್ದರು ಎಂದು ಕೇಳಿದಳು.

"ನಮ್ಮವರೇ ಗೆದ್ದರಂತೆ," ಎಂದರು ತೂಕದಣ್ಣ, ಚಪ್ಪಲಿ ಬಿಡುತ್ತ.

"ಅಂತೆ ಅಂದರೆ ಏನ್ರೀ? ನೀವು ಅಲ್ಲಿರಲಿಲ್ಲವಾ?"

"ಇದ್ದೆ ಕಣೆ. ಅವರ ಮಧ್ಯದಲ್ಲೇ ಇದ್ದೆ. ಅದಕ್ಕೇ ಸರಿಯಾಗಿ ಕಾಣಿಸಲಿಲ್ಲ."